ಹುಳುಮನೆಯಿಂದ ಮಾರುಕಟ್ಟೆಗೆ: ಮೈಸೂರು ರೇಷ್ಮೆಯ ಚರಿತ್ರೆ ಮತ್ತು ಸಣ್ಣ ರೈತ

ರೇಷ್ಮೆ ಎಂದೊಡನೆ ನಮಗೆ ನೆನಪಾಗುವುದು ಮದುವೆ ಮನೆ ಮತ್ತು ಜರಿಯಂಚಿನ ಸೀರೆ. ಆದರೆ ಒಂದು ಸೀರೆಯ ಹಿಂದೆ ಕನಿಷ್ಠ ನಾಲ್ಕು ಮನೆಗಳ ದುಡಿಮೆ ಇದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತನದು ಮೊದಲ ಮನೆ. ಗೂಡಿನಿಂದ ನೂಲು ಬಿಚ್ಚುವ ರೀಲರನದು ಎರಡನೆಯದು. ನೂಲಿಗೆ ಹುರಿ ಕೊಡುವವನದು ಮೂರನೆಯದು. ಮಗ್ಗದ ಮುಂದೆ ಕೂರುವ ನೇಕಾರನದು ನಾಲ್ಕನೆಯದು. ಈ ನಾಲ್ಕು ಮನೆಗಳಲ್ಲಿ ಯಾವುದೊಂದು ಬಿದ್ದರೂ ಉಳಿದ ಮೂರು ನಿಲ್ಲುವುದಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಇನ್ನೊಂದು ವಿಶೇಷವಿದೆ. ಹುಳು ಸಾಕುವವರಲ್ಲಿ ಹೆಚ್ಚಿನವರು ಹಳ್ಳಿಗಳ ಹಿಂದೂ ರೈತರು. ರಾಮನಗರ, ಶಿಡ್ಲಘಟ್ಟಗಳಂಥ ಊರುಗಳಲ್ಲಿ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸ್ಲಿಮರು. ಒಬ್ಬರ ಕೈಯ ಗೂಡು ಇನ್ನೊಬ್ಬರ ಕೈಯ ನೂಲಾಗುವ ಈ ಸಂಬಂಧ ತಲೆಮಾರುಗಳಿಂದ ನಡೆದು ಬಂದಿದೆ. ‘ರೇಷ್ಮೆ’ ಎಂಬ ಪದವೇ ಈ ಕೂಡುಬಾಳ್ವೆಗೆ ಸಾಕ್ಷಿ. ಫಾರ್ಸಿಯ ‘ಅಬ್ರೇಶಮ್’ ಉರ್ದುವಿನಲ್ಲಿ ‘ರೇಶಮ್’ ಆಗಿ, ಕನ್ನಡದಲ್ಲಿ ‘ರೇಷ್ಮೆ’ ಆಯಿತು. ಅದಕ್ಕೂ ಹಿಂದಿನಿಂದ ಇದ್ದ ‘ಪಟ್ಟೆ’ ಎಂಬ ಪದ ಪಟ್ಟೆಗಾರ ಎಂಬ ನೇಕಾರ ಸಮುದಾಯದ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಈ ಲೇಖನದಲ್ಲಿ ನಾನು ಕೇಳಹೊರಟಿರುವ ಪ್ರಶ್ನೆ ಒಂದೇ. ಅರ್ಧ ಎಕರೆ, ಒಂದು ಎಕರೆಯ ರೈತ ಇನ್ನೂರು ವರ್ಷಗಳಿಗೂ ಮೀರಿ ಈ ಕಸುಬಿನಲ್ಲಿ ಹೇಗೆ ಉಳಿದ? ಅವನ ಬೆನ್ನಿಗೆ ಯಾರು ಯಾವಾಗ ನಿಂತರು, ಎಲ್ಲಿ ಕೈಬಿಟ್ಟರು?

ಟಿಪ್ಪುವಿನ ಒಂದು ಪತ್ರ

ಟಿಪ್ಪು ಸುಲ್ತಾನರ ಕುರಿತ ವಾದವಿವಾದಗಳಿಗೆ ನಾವು ಇಲ್ಲಿ ಹೋಗುವುದು ಬೇಡ. ರೇಷ್ಮೆಯ ಮಟ್ಟಿಗೆ ಅವರ ಒಂದು ಪತ್ರವೇ ಸಾಕಷ್ಟು ಹೇಳುತ್ತದೆ. 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಈ ಪತ್ರವನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಇಬ್ಬರು ಹಿಂದಿರುಗುತ್ತಿದ್ದಾರೆ ಎಂಬುದು ಪತ್ರದ ವಿಷಯ. ಆ ಇಬ್ಬರ ಹೆಸರು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ. ಹುಳುಗಳನ್ನು ಎಂಥ ಸ್ಥಳದಲ್ಲಿ ಇಡಬೇಕು, ಅವುಗಳ ಸಂಖ್ಯೆ ಎಷ್ಟು, ಅವು ವೃದ್ಧಿಯಾಗಲು ಏನು ಮಾಡಬೇಕು ಎಂಬುದನ್ನು ಇವರಿಂದಲೇ ಕೇಳಿ ತಿಳಿದು ವರದಿ ಮಾಡಬೇಕೆಂದು ಸುಲ್ತಾನರು ಆಜ್ಞಾಪಿಸುತ್ತಾರೆ. ಹುಳುಗಳ ಆಹಾರಕ್ಕಾಗಿ ಹಿಪ್ಪುನೇರಳೆ ಗಿಡಗಳನ್ನು ಮೊದಲೇ ನೆಡಿಸಿದ ಸಂಗತಿಯೂ ಅದರಲ್ಲಿದೆ.

ವಿದ್ಯಾರ್ಥಿಗಳು ಈ ಪತ್ರದಲ್ಲಿ ಗಮನಿಸಬೇಕಾದದ್ದು ಕೆಲಸದ ಕ್ರಮವನ್ನು. ಹುಳು ಬರುವ ಮುನ್ನ ಸೊಪ್ಪು ಸಿದ್ಧವಾಗಿತ್ತು. ಕಸುಬು ಬಲ್ಲವರ ಮಾತನ್ನು ಕೇಳುವ ವ್ಯವಸ್ಥೆ ಇತ್ತು. ವೆಚ್ಚ ಸರ್ಕಾರದ್ದು. ಇಳುವರಿ ಬಂದೀತೇ ಎಂಬ ಭಯವನ್ನು ಮೊದಲ ದಿನವೇ ರೈತನ ಹೆಗಲಿಗೆ ಹೊರಿಸಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು, ಅರಮನೆಯ ಆಶ್ರಯವೂ ಹೋಯಿತು. ಆದರೂ ಹುಳು ಸಾಕಣೆ ನಿಲ್ಲಲಿಲ್ಲ. ಅದು ರೈತರ ಮನೆಗಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳ ಕೈಯಲ್ಲಿ ಉಳಿದುಕೊಂಡಿತು. ಇಲ್ಲಿನ ಹವೆಗೆ ಒಗ್ಗಿದ ಹುಳು ‘ಮೈಸೂರು ತಳಿ’ ಎಂದು ಹೆಸರಾಯಿತು. ಇದರ ಗೂಡು ಹಸಿರು ಬೆರೆತ ಹಳದಿ ಬಣ್ಣದ್ದು. ನೂಲು ಕಡಿಮೆ, ಆದರೆ ಬಿಸಿಲು, ಬರ, ರೋಗಗಳನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆಯಾಯಿತು, ಸ್ವಾತಂತ್ರ್ಯಾನಂತರ ರಾಮನಗರವಾಯಿತು. ಹೆಸರು ಬದಲಾದರೂ ರೇಷ್ಮೆ ಆ ಊರನ್ನು ಬಿಡಲಿಲ್ಲ.

ಸೂಕ್ಷ್ಮದರ್ಶಕ ಯಾರು ಕೊಡಬೇಕು?

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಯುರೋಪಿನ ರೇಷ್ಮೆಗೆ ಒಂದು ಮಹಾಮಾರಿ ತಗುಲಿತು. ಅದೇ ಪೆಬ್ರಿನ್, ನಮ್ಮ ರೈತರ ಮಾತಿನಲ್ಲಿ ಗಂಟುರೋಗ. ಫ್ರಾನ್ಸ್ ಮತ್ತು ಇಟಲಿಯ ಸಾಕಣೆದಾರರು ಮನೆಮಠ ಕಳೆದುಕೊಂಡರು. ರೋಗವಿಲ್ಲದ ಮೊಟ್ಟೆಗಾಗಿ ಇಟಲಿಯವರು ದೇಶದೇಶ ಅಲೆದರು. 1866ರಲ್ಲಿ ಡಿ ವೆಚ್ಚಿ ಎಂಬ ಇಟಲಿಯ ಉದ್ಯಮಿ ನಮ್ಮ ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆ ತೆರೆದು, ಜಪಾನಿನಿಂದ ಮೊಟ್ಟೆ ತರಿಸಿದ. ಆದರೆ ರೋಗ ಮೈಸೂರನ್ನೂ ಬಿಡಲಿಲ್ಲ.

ಉತ್ತರ ಸಿಕ್ಕಿದ್ದು ಲೂಯಿ ಪಾಶ್ಚರನ ಪ್ರಯೋಗಶಾಲೆಯಲ್ಲಿ. 1865ರಿಂದ ಐದು ವರ್ಷ ದುಡಿದು ಅವನು ಕಂಡುಕೊಂಡ ವಿಧಾನ ಸರಳವಾದುದು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಹರಡುತ್ತದೆ. ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಇಂದಿಗೂ ಇದೇ ಪರೀಕ್ಷೆ ನಡೆಯುತ್ತದೆ.

ವಿಧಾನ ಸರಳವಾದರೂ ಒಂದು ಎಕರೆಯ ರೈತ ಸೂಕ್ಷ್ಮದರ್ಶಕ ಎಲ್ಲಿಂದ ತಂದಾನು? ರೋಗದ ಮೊಟ್ಟೆ ತಂದವನ ಬೆಳೆ ಮಾತ್ರ ಹೋಗುವುದಿಲ್ಲ, ಊರಿನ ಬೆಳೆಯೇ ಹೋಗುತ್ತದೆ. ಇಂಥ ಕೆಲಸಕ್ಕೆ ರೈತನಿಗಿಂತ ದೊಡ್ಡ ಕೈ ಬೇಕು. 1890ರ ದಶಕದಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಮೈಸೂರು ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಸ್ಥಾಪಿಸಿ, ತರಬೇತಿ ಕೊಡಿಸಿದರು. ಬಸವನಗುಡಿಯ ಪಕ್ಕದ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆ ಆ ತೋಟದ ನೆನಪು. ಮುಂದೆ ಅದರ ಆಡಳಿತ ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇಟಲಿಯ ತಜ್ಞರೊಬ್ಬರನ್ನು ಕರೆಸಿಕೊಳ್ಳಲಾಯಿತು, ರೇಷ್ಮೆ ಇಲಾಖೆ ರೂಪುಗೊಂಡಿತು. ಕನ್ನಡದ ಲೇಖಕರೂ ಆಗಿದ್ದ ನವರತ್ನ ರಾಮರಾಯರು ಈ ಇಲಾಖೆಯನ್ನು ಕಟ್ಟಿದವರಲ್ಲಿ ಪ್ರಮುಖರು. ಪರೀಕ್ಷಿಸಿದ ಮೊಟ್ಟೆ ಕೊಡುವ ಬಿತ್ತನೆ ಕೋಠಿಗಳು ತೆರೆದವು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ವಿದೇಶಿ ತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿ ರೈತನ ಮನೆ ಸೇರಿತು. ಕುಣಿಗಲ್, ಮಾಗಡಿ ಕಡೆಯ ರೈತರು ಮೈಸೂರು ತಳಿಯ ಬಿತ್ತನೆ ಗೂಡನ್ನೇ ಬೆಳೆಯುವ ಕಸುಬು ಹಿಡಿದರು. ಚನ್ನಪಟ್ಟಣದ ಬಳಿಯ ಕಣ್ವ ತೋಟದಲ್ಲಿ ಆರಿಸಿದ ಹಿಪ್ಪುನೇರಳೆ ತಳಿ ಮುಂದೆ ‘ಕಣ್ವ-2’ ಎಂಬ ಹೆಸರಿನಲ್ಲಿ ನಾಡಿನ ತುಂಬ ಹರಡಿತು.

ಬಂಡವಾಳ ಎಂದರೆ ಬರೀ ಹಣವಲ್ಲ. ಒಳ್ಳೆಯ ಮೊಟ್ಟೆ, ಒಳ್ಳೆಯ ಕಡ್ಡಿ, ಒಬ್ಬ ನಂಬಿಕಸ್ಥ ಇನ್‌ಸ್ಪೆಕ್ಟರ್, ಇವೂ ಬಂಡವಾಳವೇ.

ಹೊರದೇಶದ ನೂಲಿನ ಹೊಡೆತ

1930ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ನೂಲು ಭಾರತದ ಪೇಟೆಗೆ ನುಗ್ಗಿತು. ಮೈಸೂರಿನಲ್ಲಿ ಗೂಡಿನ ಬೆಲೆ ನೆಲಕಚ್ಚಿ, ರೈತರು ಹಿಪ್ಪುನೇರಳೆ ಕಿತ್ತುಹಾಕುವ ಸ್ಥಿತಿ ಬಂತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗಿನ ಅವರ ಆಡಳಿತದಲ್ಲಿ ರೇಷ್ಮೆಯೂ ಸೇರಿದಂತೆ ನಾಡಿನ ಕೈಗಾರಿಕೆಗಳಿಗೆ ವಿಶೇಷ ಗಮನ ದೊರೆಯಿತು. 1933ರಲ್ಲಿ ಭಾರತ ಸರ್ಕಾರದ ಸುಂಕ ಮಂಡಲಿ ರೇಷ್ಮೆಯ ಸ್ಥಿತಿಗತಿ ವಿಚಾರಿಸಿತು, 1934ರಲ್ಲಿ ಆಮದು ನೂಲಿನ ಮೇಲೆ ರಕ್ಷಣಾ ಸುಂಕ ಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಬೆಲೆ ಏರಿತು, ಯುದ್ಧ ಮುಗಿದೊಡನೆ ಮತ್ತೆ ಇಳಿಯಿತು. ಸ್ವತಂತ್ರ ಭಾರತ 1948ರ ಕಾಯಿದೆಯಂತೆ 1949ರಲ್ಲಿ ಕೇಂದ್ರ ರೇಷ್ಮೆ ಮಂಡಲಿಯನ್ನು ರಚಿಸಿತು.

ಈ ಏರಿಳಿತಗಳು ಹೇಳುವ ಮಾತು ಸ್ಪಷ್ಟ. ಲಂಡನ್ನಿನಲ್ಲೋ ದೆಹಲಿಯಲ್ಲೋ ಬರೆದ ಒಂದು ಸಾಲಿನ ಆದೇಶ ಮಾಗಡಿಯ ರೈತನ ಒಲೆಯನ್ನು ಹಚ್ಚಬಲ್ಲದು, ಆರಿಸಲೂ ಬಲ್ಲದು.

ಗೂಡು ಕಾಯುವುದಿಲ್ಲ

ರಾಗಿಗೆ ಬೆಲೆ ಇಲ್ಲದಿದ್ದರೆ ರೈತ ಕಣಜದಲ್ಲಿಟ್ಟು ಕಾಯಬಹುದು. ಗೂಡನ್ನು ಹಾಗೆ ಇಡಲಾಗದು. ಮೊಟ್ಟೆ ಒಡೆದ ಹುಳು ನಾಲ್ಕು ಬಾರಿ ‘ಜ್ವರ’ಕ್ಕೆ ಕೂತು, ಪೊರೆ ಬಿಟ್ಟು, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಹಣ್ಣಾಗುತ್ತದೆ. ಚಂದ್ರಿಕೆಗೆ ಹಾಕಿದ ಮೇಲೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಅಲ್ಲಿಂದ ಹತ್ತು ಹನ್ನೆರಡು ದಿನಗಳೊಳಗೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬರುವುದಿಲ್ಲ. ಹೀಗಾಗಿ ಗೂಡು ಬಿಡಿಸಿದ ರೈತ ಕೂಡಲೇ ಮಾರಲೇಬೇಕು. ದಿನ ಕಳೆದಂತೆ ತೂಕವೂ ಇಳಿಯುತ್ತದೆ.

ಕೊಳ್ಳುವವನಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಹಿಂದೆ ದಲ್ಲಾಳಿ ಹಳ್ಳಿಗೆ ಬಂದು ಬೆಳೆಗೆ ಮುಂಗಡ ಕೊಡುತ್ತಿದ್ದ. ಗೂಡು ಬಂದಾಗ ಬೆಲೆಯೂ ಅವನದೇ, ತಕ್ಕಡಿಯೂ ಅವನದೇ. ಸಾಲ ತೀರದ ರೈತ ಇನ್ನೊಬ್ಬನಿಗೆ ಮಾರುವಂತಿರಲಿಲ್ಲ. ಕುರ್‌ಆನಿನ 83ನೆಯ ಅಧ್ಯಾಯ ‘ಅಲ್ ಮುತಫ್ಫಿಫೀನ್’ ಅಳತೆ, ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಇದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮದರಸದಲ್ಲಿ ಓದಿರುತ್ತಾರೆ. ತಕ್ಕಡಿಯ ನ್ಯಾಯ ಧರ್ಮದ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು.

ಆ ಕಾನೂನು ನಮ್ಮ ರಾಜ್ಯದಲ್ಲಿ 1959ರ ಕಾಯಿದೆಯ ರೂಪದಲ್ಲಿ ಬಂದಿತು. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ ಹಾಗೂ ಮಾರಾಟವನ್ನು ಅದು ನಿಯಂತ್ರಿಸಿತು. 1979ರ ತಿದ್ದುಪಡಿಯ ನಂತರ ಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಬಹಿರಂಗ ಹರಾಜಿನಲ್ಲಿ ಮಾರಾಟವಾಗಬೇಕೆಂಬ ವ್ಯವಸ್ಥೆ ಬಿಗಿಯಾಯಿತು. ನೂಲಿಗೆ ರೇಷ್ಮೆ ವಿನಿಮಯ ಕೇಂದ್ರವೂ, ಬೆಲೆ ಕುಸಿದಾಗ ನೂಲು ಕೊಳ್ಳಲು 1979ರಲ್ಲೇ ಕರ್ನಾಟಕ ರೇಷ್ಮೆ ಮಾರಾಟ ಮಂಡಲಿಯೂ ಬಂದವು. 1980ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಮಂಜೂರಾಗಿ, ಬಿತ್ತನೆ ಕೋಠಿ, ತಾಂತ್ರಿಕ ಸೇವಾ ಕೇಂದ್ರ, ಮಾರುಕಟ್ಟೆ ಕಟ್ಟಡಗಳಿಗೆ ಹಣ ಹರಿಯಿತು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಒಮ್ಮೆ ಹೋಗಿ ನೋಡಿದರೆ ಈ ಕಾಯಿದೆಯ ಅರ್ಥ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಬೆಳಗ್ಗೆ ರೈತ ತನ್ನ ಗೂಡನ್ನು ಜಾಲರಿಯಲ್ಲಿ ಸುರಿದು, ಲಾಟ್ ನಂಬರು ಪಡೆದು ನಿಲ್ಲುತ್ತಾನೆ. ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಹರಾಜು ಎಲ್ಲರ ಕಣ್ಣೆದುರು ನಡೆಯುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ತೂಕ ಸರ್ಕಾರದ ತಕ್ಕಡಿಯಲ್ಲಿ ಆಗುತ್ತದೆ. 2010ರ ದಶಕದಲ್ಲಿ ಇ-ಹರಾಜು ಬಂದ ಮೇಲೆ ರೀಲರು ಮೊಬೈಲಿನಲ್ಲೇ ಬೆಲೆ ಕೂಗುವಂತಾಯಿತು, ಹಣ ರೈತನ ಬ್ಯಾಂಕ್ ಖಾತೆಗೆ ಹೋಗುವ ವ್ಯವಸ್ಥೆಯೂ ಬಂತು. ‘ಬೇಡ’ ಎನ್ನುವ ಹಕ್ಕು ಸಣ್ಣ ರೈತನಿಗೆ ಸಿಕ್ಕಿದ್ದು ಈ ಚರಿತ್ರೆಯ ದೊಡ್ಡ ಗಳಿಕೆ.

ರೀಲರನ ಲೆಕ್ಕ

ಇನ್ನು ಹರಾಜಿನ ಆಚೆ ಬದಿಯನ್ನು ನೋಡೋಣ. ನಮ್ಮ ಸಮಾಜದ ಸಾವಿರಾರು ಮನೆಗಳು ಇರುವುದು ಆ ಬದಿಯಲ್ಲಿ. ಹೆಚ್ಚಿನ ರೀಲರು ಸಾಹುಕಾರನಲ್ಲ. ಮನೆಯ ಹಿಂದೆ ನಾಲ್ಕಾರು ಚರಕವನ್ನೋ ಕಾಟೇಜ್ ಬೇಸಿನನ್ನೋ ಇಟ್ಟುಕೊಂಡವನು. ಅವನು ಗೂಡಿಗೆ ಅಂದೇ ಹಣ ಕೊಡಬೇಕು. ಒಂದು ಕಿಲೋ ನೂಲಿಗೆ ಮಿಶ್ರತಳಿಯ ಗೂಡು ಏಳೆಂಟು ಕಿಲೋ ಬೇಕು. ಗೂಡನ್ನು ಬೇಯಿಸಿ, ನೂಲು ತೆಗೆದು, ಒಣಗಿಸಿ, ಮಾರಿ ಹಣ ಕಾಣುವಷ್ಟರಲ್ಲಿ ದಿನಗಳು ಹೋಗುತ್ತವೆ. ಅಷ್ಟರಲ್ಲಿ ನೂಲಿನ ಬೆಲೆ ಇಳಿದರೆ ನಷ್ಟ ಪೂರ್ತಿ ಅವನದೇ. ಕೈಯಲ್ಲಿ ಬಂಡವಾಳವಿಲ್ಲದವನು ನೂಲಿನ ವ್ಯಾಪಾರಿಯಿಂದ ಸಾಲ ತರುತ್ತಾನೆ, ನೂಲನ್ನು ಆ ವ್ಯಾಪಾರಿ ಹೇಳಿದ ಬೆಲೆಗೆ ಅವನಿಗೇ ಕೊಡುತ್ತಾನೆ. ಹಿಂದೆ ರೈತ ದಲ್ಲಾಳಿಯ ಕೈಗೆ ಸಿಕ್ಕಿದ್ದ ಹಾಗೆಯೇ ಇದು.

ರೈತನಿಗೆ ಹೆಚ್ಚು ಬೆಲೆ ಬೇಕು, ರೀಲರನಿಗೆ ಕಡಿಮೆ ಬೆಲೆ ಬೇಕು. ಮಾರುಕಟ್ಟೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಸಹಜ. ಆದರೆ 2011ರಲ್ಲಿ ಏನಾಯಿತೆಂಬುದನ್ನು ಮರೆಯಬಾರದು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಚೀನಾದ ನೂಲು ಅಗ್ಗವಾಗಿ, ರೀಲರನ ನೂಲು ಕೇಳುವವರಿಲ್ಲದೆ, ಗೂಡಿನ ಬೆಲೆ ಕುಸಿಯಿತು. ರೇಷ್ಮೆ ಸೀಮೆಯಲ್ಲಿ ಪ್ರತಿಭಟನೆಗಳು ನಡೆದವು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. ರೈತ ಮತ್ತು ರೀಲರು ಒಂದೇ ದೋಣಿಯವರು ಎಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು.

ಮಕ್ಕಳ ಕೈಗಳು

ಈ ಚರಿತ್ರೆಯಲ್ಲಿ ಸಂಘದ ಸದಸ್ಯರು ಕಣ್ಣು ತಪ್ಪಿಸಬಾರದ ಒಂದು ಪುಟವಿದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಭಾರತದ ಜೀತದ ಮಕ್ಕಳ ಬಗ್ಗೆಯೂ, 2003ರಲ್ಲಿ ವಿಶೇಷವಾಗಿ ರೇಷ್ಮೆ ಕೈಗಾರಿಕೆಯ ಮಕ್ಕಳ ಬಗ್ಗೆಯೂ ವರದಿ ಪ್ರಕಟಿಸಿತು. ಕರ್ನಾಟಕದ ನೂಲು ಬಿಚ್ಚುವ ಮತ್ತು ಹುರಿ ಮಾಡುವ ಘಟಕಗಳ ಚಿತ್ರ ಅದರಲ್ಲಿದೆ. ತಂದೆತಾಯಿ ಮದುವೆಗೋ ಕಾಯಿಲೆಗೋ ಮುಂಗಡ ತೆಗೆದುಕೊಂಡಿರುತ್ತಾರೆ. ಆ ಸಾಲ ತೀರುವವರೆಗೆ ಮಗು ದುಡಿಯಬೇಕು. ಕುದಿಯುವಂಥ ನೀರಿನಲ್ಲಿ ಕೈ ಅದ್ದಿ ಎಳೆ ಹುಡುಕಿ ಬೆರಳುಗಳು ಬೆಂದು ಒಡೆಯುತ್ತವೆ. ಇಂಥ ಮಕ್ಕಳಲ್ಲಿ ದಲಿತರ ಮತ್ತು ಮುಸ್ಲಿಮರ ಮಕ್ಕಳೇ ಹೆಚ್ಚು. ಕೆಲಸ ಮಾಡಿಸಿದವರಲ್ಲೂ ನಮ್ಮವರಿದ್ದರು, ಮಾಡಿದ ಮಕ್ಕಳಲ್ಲೂ ನಮ್ಮವರಿದ್ದರು.

ಕಾನೂನುಗಳಿಗೆ ಕೊರತೆಯಿರಲಿಲ್ಲ. ಜೀತ ಪದ್ಧತಿ ನಿರ್ಮೂಲನ ಕಾಯಿದೆ 1976ರದು, ಬಾಲ ಕಾರ್ಮಿಕ ಕಾಯಿದೆ 1986ರದು. 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂತು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು, ಆದರೆ ಶಾಲೆಯ ವೇಳೆಯ ನಂತರ ಮನೆಯ ಕಸುಬಿಗೆ ನೆರವಾಗಲು ಅವಕಾಶ ಉಳಿಸಿತು. ಮನೆಯೇ ಕಾರ್ಖಾನೆಯಾಗಿರುವ ಕಸುಬಿನಲ್ಲಿ ಈ ಅವಕಾಶದ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಶಿಕ್ಷಕರು ಎಚ್ಚರದಿಂದ ನೋಡಬೇಕು.

ಚಿಕ್ಕ ಬೆರಳಿಗೆ ಎಳೆ ಬೇಗ ಸಿಗುತ್ತದೆ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಇದು ಸುಳ್ಳು ಸಮಾಧಾನ. ಸ್ವಯಂಚಾಲಿತ ಯಂತ್ರಗಳು ಮಕ್ಕಳ ಬೆರಳಿಲ್ಲದೆ ಇನ್ನೂ ಒಳ್ಳೆಯ ನೂಲು ತೆಗೆಯುತ್ತವೆ. ಮಗುವನ್ನು ಕೂರಿಸುವುದು ಅದರ ಬೆರಳಿಗಾಗಿ ಅಲ್ಲ, ಅದಕ್ಕೆ ಕೊಡುವ ಕೂಲಿ ಕಡಿಮೆ ಎಂಬುದಕ್ಕಾಗಿ. ರೀಲರನ ಸಾಲದ ಭಾರ ಇಳಿಯುತ್ತ ಇಳಿಯುತ್ತ ಕೊನೆಗೆ ಅತಿ ದುರ್ಬಲ ಹೆಗಲಿನ ಮೇಲೆ ಬೀಳುತ್ತದೆ. ಹುಳುಮನೆಯ ಕಡೆಯೂ ಹೀಗೆಯೇ. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಒಟ್ಟು ಸೊಪ್ಪಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ಒಂದೇ ವಾರದಲ್ಲಿ ತಿನ್ನುತ್ತದೆ. ಆ ವಾರ ತರಗತಿಯಲ್ಲಿ ಹಾಜರಿ ತೆಳುವಾಗುವುದನ್ನು ರೇಷ್ಮೆ ಸೀಮೆಯ ಶಿಕ್ಷಕರೆಲ್ಲ ಬಲ್ಲರು.

ಮುಂದಿನ ದಾರಿ

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ 1991ರಿಂದ ಜಪಾನ್ ಸರ್ಕಾರದ ಸಹಕಾರದೊಂದಿಗೆ ನಡೆದ ಸಂಶೋಧನೆಯಿಂದ ನಮ್ಮ ಹವೆಗೆ ಒಗ್ಗುವ ದ್ವಿತಳಿ ಹುಳುಗಳು ಬಂದವು. ಇವುಗಳ ಬಿಳಿ ಗೂಡಿನ ಎಳೆ ಒಂದು ಕಿಲೋಮೀಟರಿನಷ್ಟು ಉದ್ದ. ಚಾಕಿ ಸಾಕಣೆ ಕೇಂದ್ರಗಳು ಮರಿಹುಳುಗಳನ್ನು ಎರಡನೆಯ ಜ್ವರದವರೆಗೆ ಸಾಕಿ ರೈತನಿಗೆ ಕೊಡುವುದರಿಂದ ಅವನ ನಷ್ಟದ ಭಯ ತಗ್ಗಿದೆ. ಸ್ವಯಂಚಾಲಿತ ಯಂತ್ರಗಳು ಬಂದಿವೆ. ಆದರೆ ಅವುಗಳ ಬೆಲೆ ಚರಕದವನ ಕೈಗೆಟುಕುವಂತಿಲ್ಲ. ಹೊಸ ಬಂಡವಾಳ ದೊಡ್ಡವನನ್ನು ಇನ್ನಷ್ಟು ದೊಡ್ಡವನನ್ನಾಗಿಸಿ ಚಿಕ್ಕವನನ್ನು ಕೂಲಿಯಾಗಿಸಿದರೆ ಅದನ್ನು ಪ್ರಗತಿ ಎನ್ನಲಾಗದು.

ಇನ್ನೂರು ವರ್ಷಗಳ ಈ ಚರಿತ್ರೆಯಿಂದ ಮೂರು ಪಾಠ ಕಲಿಯಬಹುದು. ಮೊದಲನೆಯದು, ಹಣ ಹಾಕುವವರು ನಷ್ಟದ ಭಾರದಲ್ಲೂ ಪಾಲು ಹೊರಬೇಕು. ಟಿಪ್ಪುವಿನ ಕಾಲದಲ್ಲೂ ಬಿತ್ತನೆ ಕೋಠಿಯ ಕಾಲದಲ್ಲೂ ಆದದ್ದು ಇದೇ. ಎರಡನೆಯದು, ತೂಕ ಮತ್ತು ಬೆಲೆ ಬಹಿರಂಗವಾಗಿರಬೇಕು. ಮೂರನೆಯದು, ಸರಪಳಿಯ ಒಂದು ಕೊಂಡಿಗೆ ಮಾತ್ರ ಬಲ ತುಂಬಿದರೆ ಸಾಲದು. ರೈತನಿಗೆ ಮಾರುಕಟ್ಟೆ ಸಿಕ್ಕಿತು, ರೀಲರನಿಗೆ ನ್ಯಾಯವಾದ ಸಾಲ ಸಾಕಷ್ಟು ಸಿಗಲಿಲ್ಲ. ಅದರ ಬೆಲೆಯನ್ನು ಮಕ್ಕಳು ತೆತ್ತರು.

ನಮ್ಮಂಥ ಶಿಕ್ಷಣ ಸಂಘಗಳು ಸುಂಕ ಇಳಿಸಲಾರವು, ಏರಿಸಲಾರವು. ಆದರೆ ಸಣ್ಣ ರೀಲರುಗಳಿಗೆ ಖರ್ಜೆ ಹಸನಾ, ಅಂದರೆ ಬಡ್ಡಿರಹಿತ ಸಾಲದ ನಿಧಿ ಏರ್ಪಡಿಸಬಹುದು. ಆ ಸಾಲಕ್ಕೆ ಒಂದೇ ಷರತ್ತು ಇರಲಿ: ಪಡೆದವನ ಘಟಕದಲ್ಲಿ ಮಗು ದುಡಿಯಬಾರದು, ಅವನ ಮಕ್ಕಳು ಶಾಲೆಯಲ್ಲಿರಬೇಕು. ರೇಷ್ಮೆ ಕೃಷಿಯಲ್ಲಿ ಪದವಿ ಶಿಕ್ಷಣ ನೀಡುವ ಕಾಲೇಜು ಚಿಂತಾಮಣಿಯಲ್ಲಿದೆ. ತಂದೆಯ ಚರಕದ ಹೊಗೆಯಲ್ಲಿ ಬೆಳೆದ ಹುಡುಗ, ಹುಡುಗಿಯರು ಅಲ್ಲಿಗೆ ಹೋಗಿ ಓದಿ ಬರಲು ವಿದ್ಯಾರ್ಥಿವೇತನ ಕೊಡಬಹುದು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ಚರಕ ಇದೆ. ಅದನ್ನು ಹೇಳಿಕೊಳ್ಳಲು ಸಂಕೋಚಪಡಬೇಡಿ. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರು ಬಂಗಾಳದಿಂದ ಜೋಪಾನವಾಗಿ ತಂದ ಕಸುಬು ಇದು. ನೂಲಿನ ಲೆಕ್ಕ ಬಲ್ಲ ನೀವು ಗಣಿತ, ವಿಜ್ಞಾನ, ವಾಣಿಜ್ಯಗಳನ್ನೂ ಚೆನ್ನಾಗಿ ಕಲಿತರೆ ಈ ಕಸುಬಿನ ಮುಂದಿನ ಪುಟವನ್ನು ನೀವೇ ಬರೆಯುವಿರಿ.